ಮರಕ್ಕೆ ನಂಬರ್ ಬಿದ್ದಿದೆ: ಆಕ್ಷೇಪಣೆ, ಆರ್‌ಟಿಐ, ಇಲ್ಲ ಎನ್‌ಜಿಟಿ?

ಗುಬ್ಬಿ ಕಡೆ ರಸ್ತೆ ಬದಿಯ ಹುಣಸೆ ಮರಗಳ ತೊಗಟೆ ಕೆತ್ತಿ ಕಡಿಯೋಕೆ ಅಂತ ನಂಬರ್ ಬರೆದಿದ್ದಾರೆ, ಯಾವ ದಾರಿ ಹಿಡಿಯೋಣ ಅಂತ ಕೇಳಿದ್ರಿ.

ಖರ್ಚು ನೋಡಿದರೆ ಆಕ್ಷೇಪಣೆ ಸಲೀಸು. ಬಿಳಿ ಹಾಳೆಯಲ್ಲಿ ಬರೆದು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ. ಆರ್‌ಟಿಐಗೆ, ಅಂದರೆ ಮಾಹಿತಿ ಹಕ್ಕಿನ ಅರ್ಜಿಗೆ, 10 ರೂಪಾಯಿ. ಎನ್‌ಜಿಟಿಗೆ (ಪರಿಸರದ ಕೇಸು ನೋಡೋ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೋದರೆ ಚೆನ್ನೈ ಪೀಠ, ವಕೀಲರ ಫೀಸು.

ಸಮಯದ್ದೇ ದೊಡ್ಡ ತಲೆನೋವು. ಸರ್ಕಾರಿ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಮೊದಲು ಜನರ ಆಕ್ಷೇಪಣೆ ಕರೆಯಬೇಕು, ಹಾಗಾಗಿ ಮೊದಲು ಮರ ಎಣಿಸಿ (ನಲವತ್ತೊಂಬತ್ತೇ ಇದ್ದರೆ ಯಾಕೋ ಅನುಮಾನ ಬರುತ್ತೆ, ಅಲ್ವಾ?). ಆರ್‌ಟಿಐ ಉತ್ತರಕ್ಕೆ 30 ದಿನ, ಅಷ್ಟರಲ್ಲಿ ಗರಗಸ ಬಂದಿರುತ್ತೆ. ಆದರೆ ಅನುಮತಿಯ ಕಾಗದ, ಮರಗಳ ಪಟ್ಟಿ ಕೈಗೆ ಬೇಕು ಅಂದರೆ ಅದೇ ದಾರಿ.

ಎನ್‌ಜಿಟಿ ನೋಡೋದು ಏಳು ಕೇಂದ್ರ ಕಾಯ್ದೆಗಳನ್ನು ಮಾತ್ರ. ನಮ್ಮ ರಾಜ್ಯದ ಮರದ ಕಾಯ್ದೆ ಅದರಲ್ಲಿಲ್ಲ. ದೇವರಾಯನದುರ್ಗದಂಥ ಕಾಡಿನ ಜಾಗವನ್ನೇ ಬೇರೆ ಕೆಲಸಕ್ಕೆ ಕೊಡುತ್ತಿದ್ದರೆ ಅಲ್ಲಿಗೆ ಹೋಗಿ. ಬರೀ ರಸ್ತೆ ಮರಕ್ಕಾದರೆ ಸುಮ್ನೆ ಚೆನ್ನೈ ಯಾಕೆ, ಇವತ್ತೇ ಆಕ್ಷೇಪಣೆ ಕೊಟ್ಟು ಜೊತೆಗೊಂದು ಆರ್‌ಟಿಐ ಹಾಕಿ.