ಹೆಸರಿದೆ, ಹಾಡಿಲ್ಲ: ಜಾತ್ರೆಯಲ್ಲಿ ಕೊಂಡ ಮೆಮೊರಿ ಕಾರ್ಡ್ ನಂಬಿ ಕೆಟ್ಟ ಕಥೆ

ಜನವರಿಯ ಕೊನೆಯ ವಾರ. ಅಮ್ಮ ವರಾಂಡದಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದಳು. ಪಕ್ಕದಲ್ಲಿ ಅವಳ ಎಂಪಿ3 ಪ್ಲೇಯರ್. ಅಂಗೈಯಷ್ಟು ಅಗಲ, ಒಂದು ಸ್ಪೀಕರ್, ನಾಲ್ಕು ಗುಂಡಿ, ಬದಿಯಲ್ಲಿ ಮೆಮೊರಿ ಕಾರ್ಡ್ ತೂರಿಸುವ ಸೀಳು.

"ಏನೋ ಇದು? ಅವ್ವನ ಹಾಡು ಹಾಕಿದರೆ ಬರೀ ಹೆಸರು ಓಡುತ್ತದೆ" ಎಂದಳು.

ತೆಗೆದುಕೊಂಡು ನೋಡಿದೆ. ತೊಟ್ಟಿಲ ಹಾಡು ಮೂರು ಎಂದು ಬಂತು, ಒಂದು ಕ್ಷಣ ನಿಂತಿತು, ಸದ್ದಿಲ್ಲದೆ ನಾಲ್ಕಕ್ಕೆ ಹೋಯಿತು, ಐದಕ್ಕೆ ಹೋಯಿತು. ಹೀಗೆ ಇನ್ನೂರ ಹನ್ನೆರಡು ಹೆಸರುಗಳೂ ಸಾಲಾಗಿ ಮೆರವಣಿಗೆ ಹೊರಟವು. (ಈ ಪ್ಲೇಯರ್‌ಗೆ ಕನ್ನಡ ಅಕ್ಷರ ಬರುವುದಿಲ್ಲ, ಬರೀ ಚೌಕ ತೋರಿಸುತ್ತದೆ. ಅದಕ್ಕಾಗಿ ಎಲ್ಲ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದೆ.) ಆದರೆ ಅದೇ ಕಾರ್ಡಿನಲ್ಲಿದ್ದ ಸಿನಿಮಾ ಹಾಡುಗಳೂ ದಾಸರ ಪದಗಳೂ ಚೆನ್ನಾಗಿಯೇ ಹಾಡುತ್ತಿದ್ದವು. ಆದ್ದರಿಂದ ಪ್ಲೇಯರ್ ಕೆಟ್ಟಿಲ್ಲ ಎಂಬುದು ಖಚಿತ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು, ಏಕೆಂದರೆ ಆ ಹೊತ್ತಿಗೆ ಅಜ್ಜಿಯ ಹಾಡುಗಳಿಗೆ ಆ ಕಾರ್ಡ್ ಬಿಟ್ಟರೆ ಬೇರೆ ಮನೆ ಇರಲಿಲ್ಲ. ಅಥವಾ ಹಾಗೆಂದು ನಾನು ತಿಳಿದಿದ್ದೆ.

ಮೊದಲಿನಿಂದ ಹೇಳುತ್ತೇನೆ. ಆಲೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜಿ ಹಾಡುತ್ತಿದ್ದ ಸೋಬಾನೆ, ಬೀಸುವ ಪದ, ಹಸೆ ಹಾಡುಗಳನ್ನು ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಒಟ್ಟು ಹತ್ತೊಂಬತ್ತು ಕ್ಯಾಸೆಟ್. ಕೆಲವು ವರ್ಷಗಳ ಹಿಂದೆ ನಾನು ಅವನ್ನು ಕಂಪ್ಯೂಟರಿಗೆ ಇಳಿಸಿದೆ. ಹಳೆಯ ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು, ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಇಷ್ಟೇ ಸಾಮಾನು. ಇದರಲ್ಲಿ ಅವಸರಕ್ಕೆ ದಾರಿಯಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಕೂತೆ. ಎಂಪಿ3 ಮಾಡಿದ ಮೇಲೆ ಎಲ್ಲವೂ ಸೇರಿ ಒಂದು ಜಿಬಿಗಿಂತ ತುಸು ಹೆಚ್ಚು ಆಯಿತು. ಆಮೇಲೆ ಮನೆ ಬದಲಿಸುವಾಗ ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಟ್ಟೆ. ಈ ಒಂದು ವಾಕ್ಯ ಬರೆಯಲು ನನಗೆ ಎಷ್ಟು ನಾಚಿಕೆಯಾಗುತ್ತಿದೆ ಎಂದರೆ, ಇದನ್ನು ಎರಡು ಸಲ ಅಳಿಸಿ ಮತ್ತೆ ಬರೆದಿದ್ದೇನೆ.

ಕಾರ್ಡ್ ಕೊಂಡದ್ದು ಹಾಸನಾಂಬೆಯ ಜಾತ್ರೆಯಲ್ಲಿ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ದೇವಿ, ಆದ್ದರಿಂದ ಆ ದಿನಗಳಲ್ಲಿ ಊರು ಊರಾಗಿರುವುದಿಲ್ಲ. ಸಾಲಿನಲ್ಲಿ ನಿಂತು ದರ್ಶನ ಮುಗಿಸಿ ಹೊರಬಂದಾಗ ರಸ್ತೆ ಬದಿಯ ಮೇಜೊಂದರ ಮೇಲೆ ಚಾರ್ಜರ್, ಇಯರ್‌ಫೋನ್‌ಗಳ ನಡುವೆ 128 ಜಿಬಿ ಮೆಮೊರಿ ಕಾರ್ಡ್ ಕಂಡಿತು. 350 ರೂಪಾಯಿ. "ಕಂಪನಿ ಮಾಲು ಅಣ್ಣ, ಹಬ್ಬಕ್ಕೆ ಕಡಿಮೆ ಮಾಡಿದ್ದೇವೆ" ಎಂದ ಹುಡುಗ. ಪೊಟ್ಟಣದ ಮೇಲೆ ಎಲ್ಲರೂ ಕೇಳಿರುವ ಹೆಸರೇ ಇತ್ತು, ಅಚ್ಚು ಮಾತ್ರ ಸ್ವಲ್ಪ ಮಸುಕು. ಅಂಗಡಿಯಲ್ಲಿ ಅದರ ಬೆಲೆ ಎರಡರಷ್ಟಕ್ಕೂ ಮೀರಿದೆ ಎಂದು ಗೊತ್ತಿದ್ದೂ ಕೊಂಡೆ. ಕಳೆದ ವರ್ಷ ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಈ ವರ್ಷ ತೆರೆದಾಗಲೂ ಉರಿಯುತ್ತಿರುತ್ತದೆ ಎಂದು ನಂಬುವ ಊರಿನವನು ನಾನು. ಇಟ್ಟದ್ದು ಇಟ್ಟಲ್ಲೇ ಇರುತ್ತದೆ ಎಂಬ ನಂಬಿಕೆಯನ್ನು ಕಾರ್ಡಿನ ಮೇಲೂ ಹರಿಸಿದ್ದು ನನ್ನ ತಪ್ಪು, ದೇವಿಯದಲ್ಲ.

ಮನೆಗೆ ಬಂದು ಹಾಕಿದರೆ ಪ್ಲೇಯರ್ ಕಾರ್ಡನ್ನು ಗುರುತಿಸಲೇ ಇಲ್ಲ. ಇದು ನಕಲಿಯ ಲಕ್ಷಣವಲ್ಲ, ಬೇರೆಯದೇ ತೊಡಕು. ಇಂಥ ಹಳೆಯ ಪ್ಲೇಯರ್‌ಗಳು ಎಫ್‌ಎಟಿ32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡನ್ನು ಮಾತ್ರ ಓದುತ್ತವೆ. ನನ್ನ ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯಾದರೋ 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಆ ಆಯ್ಕೆಯನ್ನೇ ಕೊಡಲಿಲ್ಲ. ಬೇರೊಂದು ಸಣ್ಣ ತಂತ್ರಾಂಶದಿಂದ ಮಾಡಿಕೊಂಡೆ, ಹಾಡಿತು. ಪ್ಲೇಯರ್ ಜೊತೆ ಬಂದ ಚೀಟಿಯಲ್ಲಿ '32 ಜಿಬಿವರೆಗೆ' ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಅದನ್ನು ಓದಿ ಅಷ್ಟೇ ಗಾತ್ರದ್ದನ್ನು ಬಿಲ್ ಪಡೆದು ಕೊಂಡಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ.

ಎರಡು ತಿಂಗಳು ಯಾವ ತಕರಾರೂ ಇಲ್ಲ. ಅಮ್ಮನಿಗೆ ಬೇಕಾದ ಸಿನಿಮಾ ಹಾಡು, ದಾಸರ ಪದ ಸೇರಿ ಮೂರು ಜಿಬಿಯಷ್ಟಿತ್ತು, ಅಷ್ಟೂ ಹಾಡಿದವು. ಹೊಸ ವರ್ಷದ ಹೊತ್ತಿಗೆ ಮನೆಯ ಕಂಪ್ಯೂಟರ್ ಮಂಡಿಯೂರಿತು. ಆನ್ ಮಾಡಿ ಕಾಫಿ ಮಾಡಿಕೊಂಡು ಕುಡಿದು ಲೋಟ ತೊಳೆದಿಟ್ಟು ಬಂದರೂ ಪರದೆ ಇನ್ನೂ ಯೋಚಿಸುತ್ತಿರುತ್ತಿತ್ತು. ರಿಪೇರಿಯವನು ಬಂದು "ವಿಂಡೋಸ್ ಹೊಸದಾಗಿ ಹಾಕಬೇಕು ಸರ್, ಬೇಕಾದದ್ದನ್ನು ತೆಗೆದಿಟ್ಟುಕೊಳ್ಳಿ" ಎಂದ. ತೆಗೆದಿಟ್ಟುಕೊಂಡೆ, ಅದೇ 128 ಜಿಬಿ ಕಾರ್ಡಿಗೆ. ತಂಗಿಯ ಮದುವೆಯ ವಿಡಿಯೊ, ಹತ್ತು ವರ್ಷದ ಫೋಟೊ, ಕೊನೆಗೆ ಅಜ್ಜಿಯ ಹಾಡು, ಎಲ್ಲ ಸೇರಿ 46 ಜಿಬಿ. ಒಂದೂವರೆ ಗಂಟೆ ಹಿಡಿಯಿತು. ಒಂದು ದೋಷ ಸಂದೇಶವೂ ಬರಲಿಲ್ಲ. ನಾನು ಬೇಜವಾಬ್ದಾರಿಯವನಲ್ಲ, ಕಾಪಿ ಆದ ಮೇಲೆ ಅಜ್ಜಿಯ ಒಂದು ಹಾಡನ್ನು ಕಾರ್ಡಿನಿಂದಲೇ ಹಾಕಿ ಕೇಳಿದೆ. ಹಾಡಿತು! ಫೋಲ್ಡರಿನ ಗಾತ್ರ ನೋಡಿದೆ, ತಾಳೆಯಾಯಿತು. ರಿಪೇರಿಯವನು "ಡಿ ಡ್ರೈವನ್ನೂ ಕ್ಲೀನ್ ಮಾಡಲೇ ಸರ್?" ಎಂದು ಕೇಳಿದಾಗ (ಅಜ್ಜಿಯ ಹಾಡುಗಳಿದ್ದದ್ದು ಅಲ್ಲೇ) ಧಾರಾಳವಾಗಿ ತಲೆಯಾಡಿಸಿದೆ. ಹಗಲೆಲ್ಲ ಇನ್ನೊಬ್ಬರ ಲೆಕ್ಕ ತಾಳೆ ನೋಡುವುದೇ ನನ್ನ ಕಸುಬು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಆಮೇಲೆ ಓದಿ ತಿಳಿದದ್ದು ಇದು. ಇಂಥ ಕಾರ್ಡುಗಳ ಒಳಗಿರುವ ಪುಟ್ಟ ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. ಒಳಗಿರುವುದು 8 ಜಿಬಿ, ಕಂಪ್ಯೂಟರ್ ಕೇಳಿದರೆ ಅದು 128 ಎನ್ನುತ್ತದೆ. ಆ ಸುಳ್ಳು ಎಷ್ಟು ಅಚ್ಚುಕಟ್ಟೆಂದರೆ, ಅಸಲಿ 128 ಜಿಬಿ ಕಾರ್ಡ್ ವಿಂಡೋಸಿನಲ್ಲಿ ಸುಮಾರು 119 ಎಂದು ಕಾಣುತ್ತದಲ್ಲ (ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ), ನನ್ನದೂ 119 ಎಂದೇ ತೋರಿಸಿತ್ತು. ಎಂಟು ಜಿಬಿ ತುಂಬುವವರೆಗೆ ಎಲ್ಲವೂ ಸತ್ಯ. ಅದರಾಚೆ ಬರೆದದ್ದನ್ನೆಲ್ಲ ಕಾರ್ಡ್ 'ಆಯಿತು, ಆಯಿತು' ಎಂದು ಒಪ್ಪಿಕೊಂಡು ಗಾಳಿಗೆ ತೂರುತ್ತದೆ. ಕೆಲವು ಕಾರ್ಡುಗಳು ಇನ್ನೂ ಕೆಟ್ಟವು, ಮತ್ತೆ ಆರಂಭಕ್ಕೆ ಬಂದು ಮೊದಲು ಇಟ್ಟದ್ದರ ಮೇಲೇ ಬರೆಯುತ್ತವೆ.

ಹಾಗಾದರೆ ಹೆಸರು ಮಾತ್ರ ಹೇಗೆ ಉಳಿದವು? ಕಾರ್ಡಿನಲ್ಲಿ ಹೆಸರಿನ ಪಟ್ಟಿ ಬೇರೆ, ಒಳಗಿನ ಸರಕು ಬೇರೆ. ಅಜ್ಜಿಯ ಫೋಲ್ಡರನ್ನು ಎಲ್ಲಕ್ಕಿಂತ ಮೊದಲೇ ಖಾಲಿಯಾಗಿ ಮಾಡಿಟ್ಟಿದ್ದೆ, ಆದ್ದರಿಂದ ಅದರ ಪಟ್ಟಿ ಅಸಲಿ ಎಂಟು ಜಿಬಿಯೊಳಗೇ ಕೂತಿತ್ತು. ಹಾಡಿನ ಹೆಸರು, ಗಾತ್ರ, ತಾರೀಖು ಎಲ್ಲವೂ ಆ ಪಟ್ಟಿಯಲ್ಲೇ ಇರುತ್ತದೆ. ನಾನು ತಾಳೆ ನೋಡಿದ ಗಾತ್ರವೂ ಅಲ್ಲಿಂದಲೇ ಬಂದದ್ದು. ಮತ್ತೆ, ಕಾಪಿ ಆದ ತಕ್ಷಣ ಹಾಡಿದ ಆ ಒಂದು ಹಾಡು? ಅದು ಬಂದದ್ದು ಕಾರ್ಡಿನಿಂದಲ್ಲ. ಈಗಷ್ಟೇ ಬರೆದದ್ದನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ತನ್ನ ನೆನಪಿನಲ್ಲಿಯೇ ಇಟ್ಟುಕೊಂಡಿರುತ್ತದೆ. ಕೇಳಿದರೆ ಅಲ್ಲಿಂದಲೇ ತೆಗೆದುಕೊಡುತ್ತದೆ. ಕಾರ್ಡನ್ನು ಹೊರತೆಗೆದು ಮತ್ತೆ ಹಾಕಿ, ಎಲ್ಲಕ್ಕಿಂತ ಕೊನೆಯಲ್ಲಿ ಕಾಪಿಯಾದ ಹಾಡನ್ನು ಪೂರ್ತಿ ಕೇಳಿದ್ದರೆ ಅಂದೇ ಬಂಡವಾಳ ಬಯಲಾಗುತ್ತಿತ್ತು. ದಯವಿಟ್ಟು ಹಾಗೆಯೇ ಮಾಡಿ. ಅದಕ್ಕೆ ಖರ್ಚಾಗುವುದು ಐದು ನಿಮಿಷ.

ಗಾಬರಿಯಲ್ಲಿ ಮೊದಲು ಫೋನ್ ಮಾಡಿದ್ದು ಚಿಕ್ಕಮಗಳೂರಿನಲ್ಲಿರುವ ತಮ್ಮನಿಗೆ. ಹಿಂದಿನ ಯುಗಾದಿಗೆ ಬಂದಾಗ ಪೆನ್ ಡ್ರೈವಿಗೆ ಅಜ್ಜಿಯ ಹಾಡುಗಳನ್ನು ಹಾಕಿಕೊಂಡು ಹೋಗಿದ್ದ. "ಇದೆ ಅಣ್ಣಾ, ನನ್ನ ಹತ್ತಿರ ಇದೆ" ಎಂದಾಗ ನಿಜವಾಗಿಯೂ ಕೈ ಮುಗಿದೆ. ಹತ್ತು ನಿಮಿಷದ ಮೇಲೆ ಅವನೇ ಫೋನ್ ಮಾಡಿದ: "ತೆರೆದರೆ ಏನೋ ದಾರಿ ಸಿಗುತ್ತಿಲ್ಲ ಎನ್ನುತ್ತದೆ." ಗಾತ್ರ ಎಷ್ಟಿದೆ ನೋಡು ಎಂದೆ. ಎರಡು ಕೆಬಿ! ಡೆಸ್ಕ್‌ಟಾಪ್ ಮೇಲಿದ್ದ ಚಿತ್ರವನ್ನು ಹಾಗೆಯೇ ಎಳೆದು ಪೆನ್ ಡ್ರೈವಿಗೆ ಬಿಟ್ಟಿದ್ದ. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್; ಮನೆ ಅಲ್ಲ, ಮನೆಯ ವಿಳಾಸ ಬರೆದ ಚೀಟಿ. ಮೂಲೆಯಲ್ಲಿ ಬಾಗಿದ ಸಣ್ಣ ಬಾಣದ ಗುರುತು ಇದ್ದರೆ ಅದು ಚೀಟಿಯೇ ಎಂದು ತಿಳಿಯಿರಿ. ಒಂದು ಜಿಬಿ ಹಾಡು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿಯಾದಾಗ ಅವನಿಗಾಗಲಿ, ಪಕ್ಕದಲ್ಲಿ ಒಬ್ಬಟ್ಟು ತಿನ್ನುತ್ತಿದ್ದ ನನಗಾಗಲಿ ಅನುಮಾನ ಬರಲಿಲ್ಲ. ಹೊಸ ಪೆನ್ ಡ್ರೈವ್ ಎಷ್ಟು ಚುರುಕಾಗಿದೆ ಎಂದು ಹೊಗಳಿದ್ದು ಬೇರೆ.

ಬೇಲೂರಿನಲ್ಲಿರುವ ಅತ್ತೆಯ ಮಗಳ ವಾಟ್ಸ್‌ಆ್ಯಪ್‌ನಲ್ಲಿ ನಾನೇ ಎಂದೋ ಕಳುಹಿಸಿದ್ದ ನಾಲ್ಕು ಹಾಡು ಸಿಕ್ಕವು. ಅಷ್ಟೇ.

ಇಲ್ಲಿ ಒಂದು ಮಾತು. ಪರಿಚಯದವರೊಬ್ಬರು ಕಾರ್ಡನ್ನು ಬೆಂಗಳೂರಿಗೆ ಕಳುಹಿಸಿದರೆ ಡೇಟಾ ತೆಗೆದುಕೊಡುವವರಿದ್ದಾರೆ, ಕೆಲವು ಸಾವಿರ ಆಗಬಹುದು ಎಂದರು. ಅಳಿಸಿಹೋದದ್ದನ್ನು ತೆಗೆಯಬಹುದು, ಬರೆದೇ ಇಲ್ಲದ್ದನ್ನು ಯಾರೂ ತೆಗೆಯಲಾರರು. ನಕಲಿ ಕಾರ್ಡಿಗೆ ಆ ದುಡ್ಡು ಸುರಿಯಬೇಡಿ. ಆಸೆ ಇದ್ದದ್ದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಮೇಲೆ. ರಿಪೇರಿಯವನು ಡಿ ಡ್ರೈವನ್ನು 'ಕ್ವಿಕ್ ಫಾರ್ಮ್ಯಾಟ್' ಮಾಡಿದ್ದ. ಅದರಲ್ಲಿ ಅಳಿಯುವುದು ಪಟ್ಟಿ, ಸರಕು ಅಲ್ಲೇ ಇರುತ್ತದೆ, ಮೇಲೆ ಹೊಸದು ಕೂರುವವರೆಗೆ. ನನ್ನದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದದ್ದು ಪುಣ್ಯ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ನೆನಪಿಡುವ ಹೊಸ ಬಗೆಯ ಡಿಸ್ಕ್) ಆಗಿದ್ದರೆ ಅಳಿಸಿದ ಜಾಗವನ್ನು ಅದು ತಾನಾಗಿಯೇ ಗುಡಿಸಿಬಿಡುತ್ತದೆ. ಆದರೆ ಮೂರು ವಾರದಲ್ಲಿ ಆ ಡ್ರೈವಿನ ಮೇಲೆ ನಾನು ಸಿನಿಮಾಗಳನ್ನು ಇಳಿಸಿಕೊಂಡು ನೋಡಿದ್ದೆ. ಯಾವ ಸಿನಿಮಾ ಎಂದು ಹೇಳುವುದಿಲ್ಲ. ಒಂದೂ ಚೆನ್ನಾಗಿರಲಿಲ್ಲ.

ತಕ್ಷಣ ಕಂಪ್ಯೂಟರ್ ಆರಿಸಿ, ಡಿಸ್ಕ್ ಬಿಚ್ಚಿ, ಸಹೋದ್ಯೋಗಿಯ ಕಂಪ್ಯೂಟರಿಗೆ ಜೋಡಿಸಿ ಅಳಿದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಉಳಿಸಬಾರದು, ಬೇರೆಯದಕ್ಕೇ ಉಳಿಸಬೇಕು. ಇಲ್ಲವಾದರೆ ತೋಡಿದ ಮಣ್ಣನ್ನು ಅದೇ ಬಾವಿಗೆ ಹಾಕಿದ ಹಾಗೆ. ಬೆಳಗಾಗುವಷ್ಟರಲ್ಲಿ ಸಾವಿರಾರು ಫೈಲುಗಳು ರಾಶಿ ಬಿದ್ದಿದ್ದವು. ಹೆಸರಿನ ಬದಲು ಎಫ್ ಅಕ್ಷರದ ಮುಂದೆ ಏಳಂಕಿಯ ಸಂಖ್ಯೆ, ಅಷ್ಟೇ. ಕಾರ್ಡಿನಲ್ಲಿ ಹಾಡಿಲ್ಲದ ಹೆಸರು, ಡಿಸ್ಕಿನಲ್ಲಿ ಹೆಸರಿಲ್ಲದ ಹಾಡು.

ಕಾರ್ಡಿನಿಂದ ಆದ ಒಂದೇ ಉಪಕಾರವೆಂದರೆ ಆ ಪಟ್ಟಿ. ಇನ್ನೂರ ಹನ್ನೆರಡು ಹೆಸರುಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅಮ್ಮ ಒಂದೊಂದೇ ಹಾಡು ಕೇಳಿ "ಇದು ಹಸೆ ಹಾಡು, ಎರಡನೆಯದು. ಅವ್ವನಿಗೆ ಆವತ್ತು ಕೆಮ್ಮು ಇತ್ತು" ಎನ್ನುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ. ಹನ್ನೊಂದು ಸಂಜೆ ಹಿಡಿಯಿತು. 131 ಹಾಡು ಪೂರ್ತಿ, 20 ಅರ್ಧಂಬರ್ಧ. ಉಳಿದ 61 ಹೆಸರುಗಳ ಮುಂದೆ ಜಾಗ ಖಾಲಿ ಇದೆ.

ಪಟ್ಟಿ ಬರೆದುಕೊಂಡು, ಉಳಿದಿದ್ದ ಹಾಡುಗಳನ್ನು ಬೇರೆಡೆ ತೆಗೆದಿಟ್ಟ ಮೇಲೆ ಕಾರ್ಡನ್ನು ಖಾಲಿ ಮಾಡಿ ಪರೀಕ್ಷಿಸಿದೆ. ಇದಕ್ಕೆ ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ತಂತ್ರಾಂಶವಿದೆ. ಜರ್ಮನಿಯ 'ಸಿ‌ಟಿ' ಎಂಬ ಕಂಪ್ಯೂಟರ್ ಪತ್ರಿಕೆಯವರದು, ಉಚಿತ. ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಅದೇ ಕೆಲಸಕ್ಕೆ ಎಫ್3 ಎಂಬುದಿದೆ. ಇಂಥ ತಂತ್ರಾಂಶ ಕಾರ್ಡಿನ ತುಂಬ ಒಂದೊಂದು ಜಿಬಿಯ ಫೈಲುಗಳನ್ನು ಬರೆದು, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡುತ್ತದೆ. ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ಫಲಿತಾಂಶ: 7.4 ಜಿಬಿ ಸರಿ, 111.7 ಜಿಬಿ ನಷ್ಟ. ಹೊಸದಾಗಿ ಕೊಂಡ ಕಾರ್ಡಾಗಲಿ ಪೆನ್ ಡ್ರೈವಾಗಲಿ, ಜಾತ್ರೆಯದಿರಲಿ ಆನ್‌ಲೈನಿನದಿರಲಿ, ಮೊದಲ ರಾತ್ರಿ ಈ ಪರೀಕ್ಷೆ ಮಾಡಿಯೇ ಬಳಸಿ, ಏಕೆಂದರೆ ವಾಪಸು ಕೊಡುವ ಅವಧಿ ಮುಗಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ. ಎರಡು ಟಿಬಿ ಪೆನ್ ಡ್ರೈವ್ ಐನೂರು ರೂಪಾಯಿಗೆ ಎಂಬ ಜಾಹೀರಾತು ಕಂಡರೆ ಪರೀಕ್ಷೆಯೂ ಬೇಡ.

ಗ್ರಾಹಕ ಸಹಾಯವಾಣಿ 1915 ಇದೆ, ಗೊತ್ತು. ದೂರು ಕೊಡಲು ಬಿಲ್ ಬೇಕಲ್ಲ, ಮಾರಿದವನ ವಿಳಾಸವಾದರೂ ಬೇಕಲ್ಲ.

ಈ ವರ್ಷದ ಜಾತ್ರೆಗೆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಅದೇ ಜಾಗ, ಅದೇ ಮೇಜು, ಅದೇ ಹುಡುಗನೇ ಇದ್ದ. ನಾನು ಬಾಯಿ ತೆರೆಯುವ ಮೊದಲೇ "ಈ ಸಲ 256 ಬಂದಿದೆ ಅಣ್ಣ, ಅದೇ ರೇಟು" ಎಂದ. ನನ್ನ ಕಾರ್ಡನ್ನು ತೆಗೆದು ಅವನ ಮುಂದಿಟ್ಟೆ. ಅದನ್ನು ಎರಡೂ ಬದಿ ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ಬಿಲ್ ಇದೆಯೇ ಅಣ್ಣ?"