ಕಳ್ಳತನ ಆದಮೇಲೆ ಸಿಸಿಟಿವಿ ವಿಡಿಯೊ ‘ಕ್ಲಿಯರ್’ ಮಾಡಿಸಲು ದುಡ್ಡು ಕೊಡಬೇಡಿ

ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯ ಮನೆ. ಗೇಟಿನೊಳಗೆ ನಿಲ್ಲಿಸಿದ್ದ ಸ್ಕೂಟರ್ ರಾತ್ರಿ ಎರಡೂವರೆ ಸುಮಾರಿಗೆ ಕಳುವಾಯಿತು. ನಾಲ್ಕು ಡೋಮ್ (ಗುಮ್ಮಟದಾಕಾರದ) ಕ್ಯಾಮೆರಾ, ಅವುಗಳ ವಿಡಿಯೊ ದಾಖಲಿಸುವ ಡಿವಿಆರ್ ಪೆಟ್ಟಿಗೆ, 1 ಟಿಬಿ ಹಾರ್ಡ್ ಡಿಸ್ಕ್ ಎಲ್ಲವೂ ಇದ್ದವು, ಚಾಲೂ ಇದ್ದವು. ರೆಕಾರ್ಡಿಂಗ್ ತೆಗೆದು ನೋಡಿದರೆ ಪರದೆಯ ತುಂಬ ಬೆಳ್ಳನೆಯ ಮಂಜು, ಅದರೊಳಗೆ ಮುಖವೇ ಇಲ್ಲದ ಒಂದು ಆಕಾರ, ಬಿಳಿ ಪಟ್ಟಿಯಾಗಿ ಹೊಳೆಯುವ ನಂಬರ್ ಪ್ಲೇಟ್. ಹಗಲಲ್ಲಿ ಇದೇ ಕ್ಯಾಮೆರಾ ಕಾಂಪೌಂಡ್ ಗೋಡೆಯ ಬಿರುಕನ್ನೂ ತೋರಿಸುತ್ತದೆ. ಸ್ಕೂಟರ್ ಹೋದಮೇಲೂ ಆ ಮನೆಯವರು ಎರಡು ಸಲ ದುಡ್ಡು ಕಳೆದುಕೊಂಡರು: ಮೊದಲು ‘ವಿಡಿಯೊ ಕ್ಲಿಯರ್ ಮಾಡಿಕೊಡ್ತೀವಿ’ ಎಂದವರಿಗೆ, ಆಮೇಲೆ ‘8 ಮೆಗಾಪಿಕ್ಸೆಲ್ ಹಾಕಿಸಿ, ಸರಿಹೋಗುತ್ತೆ’ ಎಂದವರಿಗೆ.

ಮೊದಲನೆಯ ಮೋಸ ಹೆಚ್ಚು ಅಪಾಯದ್ದು. ಕತ್ತಲಲ್ಲಿ ಕ್ಯಾಮೆರಾ ಬೆಳಕು ಸಾಲದೆ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸಾಧಾರಣ ನಡಿಗೆಯಲ್ಲಿ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಶಟರ್ 1/25 ಸೆಕೆಂಡ್ ಇದ್ದರೆ ಒಂದು ಫ್ರೇಮಿನಲ್ಲೇ ಅವನು 5-6 ಸೆಂಟಿಮೀಟರ್ ಸರಿದಿರುತ್ತಾನೆ. ಸ್ಲೋ ಶಟರ್ ಆನ್ ಆಗಿ 1/6ಕ್ಕೆ ಇಳಿದರೆ 23 ಸೆಂಟಿಮೀಟರ್, ಅಂದರೆ ಮುಖದ ಅಗಲಕ್ಕಿಂತ ಹೆಚ್ಚು. ಅಷ್ಟು ಎಳೆದುಹೋದ ಚಿತ್ರದಲ್ಲಿ ಕಣ್ಣು ಮೂಗಿನ ವಿವರ ದಾಖಲೇ ಆಗಿರುವುದಿಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ಹೊರಗೆ ತರಲಾರದು. ಎಐ ಹಾಕಿ ಚೂಪು ಮಾಡಿದ ಮುಖ, ಆ ಪ್ರೋಗ್ರಾಂ ತಾನು ಕಲಿತ ಬೇರೆ ಮುಖಗಳಿಂದ ಊಹಿಸಿ ಬರೆದದ್ದು. ಅದನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಪೇಪರ್ ಹಾಕುವ ಹುಡುಗನನ್ನೋ ಪಕ್ಕದ ಸೈಟಿನ ಗಾರೆ ಕೆಲಸದವನನ್ನೋ ಜನ ಹಿಡಿದು ಕೇಳಲು ಶುರು ಮಾಡುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಸ್ವಲ್ಪ ಸರಿಮಾಡಿ ನೋಡುವುದು ತಪ್ಪಲ್ಲ, ಅದನ್ನು ನೀವೇ ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಮಾಡಬಹುದು.

ಎರಡನೆಯದು ಮೆಗಾಪಿಕ್ಸೆಲ್ ಮಾತು. ಅಷ್ಟೇ ಅಳತೆಯ ಸೆನ್ಸರ್ ಮೇಲೆ 2ರ ಬದಲು 8 ಮೆಗಾಪಿಕ್ಸೆಲ್ ತುಂಬಿದರೆ ಒಂದೊಂದು ಪಿಕ್ಸೆಲ್ಲಿಗೆ ಸಿಗುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಗಲಿನ ಚಿತ್ರ ಚೆನ್ನಾಗಿರುತ್ತದೆ, ರಾತ್ರಿಯದು ಮೊದಲಿಗಿಂತ ಕೆಡುತ್ತದೆ. ಕೊಳ್ಳುವುದೇ ಆದರೆ ಮೆಗಾಪಿಕ್ಸೆಲ್ಲಿಗಿಂತ ಮುಂಚೆ ಸೆನ್ಸರಿನ ಅಳತೆ, ಲೆನ್ಸಿನ ಎಫ್ ನಂಬರ್ ಕೇಳಿ. ಎಫ್2.0 ಲೆನ್ಸಿಗಿಂತ ಎಫ್1.0 ಲೆನ್ಸ್ ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ. ಅಂಗಡಿಯವರು ಡಬ್ಬಿಯ ಮೇಲಿನ ದೊಡ್ಡ ಅಕ್ಷರವನ್ನೇ ತೋರಿಸಿದರೆ ಸ್ಪೆಸಿಫಿಕೇಷನ್ ಹಾಳೆಯನ್ನೇ ಕೇಳಿ ಪಡೆಯಿರಿ.

ಹಾಗಾದರೆ ಆ ಮನೆಯಲ್ಲಿ ನಿಜವಾಗಿ ಕೆಟ್ಟಿದ್ದೇನು? ಒಂದಲ್ಲ, ಒಂದರ ಮೇಲೊಂದು ಸೇರಿಕೊಂಡಿದ್ದವು.

ಬಿಳಿ ಮಂಜಿಗೆ ಕಾರಣ ಸಜ್ಜಾ. ಗೇಟಿನ ಕಡೆಯ ಡೋಮ್ ಕ್ಯಾಮೆರಾವನ್ನು ಬಿಳಿ ಬಣ್ಣದ ಸಜ್ಜಾದ ತಳಕ್ಕೆ, ಗೋಡೆಗೆ ಒತ್ತಿಕೊಂಡಂತೆ ಕೂರಿಸಿದ್ದರು. ಕತ್ತಲಲ್ಲಿ ನೋಡಲು ಕ್ಯಾಮೆರಾ ಬೀರುವ ಐಆರ್ (ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಕಾಣದ) ಬೆಳಕು ಮೊದಲು ಆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಕ್ಯಾಮೆರಾ ‘ಬೇಕಾದಷ್ಟು ಬೆಳಕಿದೆ’ ಎಂದು ಲೆಕ್ಕ ಹಾಕಿ ಎಕ್ಸ್‌ಪೋಷರ್ ಇಳಿಸುತ್ತದೆ, ಗೇಟು ಕತ್ತಲಾಗುತ್ತದೆ. ಚಿತ್ರದ ಅಂಚಿನಲ್ಲಿ ಎಲ್ಲಾದರೂ ಸಜ್ಜಾ, ಪೈಪು, ಗೋಡೆ ಇಣುಕಿದರೆ ಕ್ಯಾಮೆರಾವನ್ನು ಸಜ್ಜಾದ ಅಂಚಿಗೆ ತನ್ನಿ ಅಥವಾ ಬ್ರಾಕೆಟ್ ಹಾಕಿ ಒಂದಡಿ ಮುಂದೆ ಚಾಚಿಸಿ.

ಡೋಮ್ ಕ್ಯಾಮೆರಾಗಳಿಗೆ ಇನ್ನೊಂದು ಕಾಯಿಲೆ ಇದೆ. ಲೆನ್ಸಿನ ಸುತ್ತ ಕಪ್ಪು ಸ್ಪಂಜಿನ ಅಥವಾ ರಬ್ಬರಿನ ಒಂದು ಉಂಗುರ ಇರುತ್ತದೆ. ಅದು ಮೇಲಿನ ಪ್ಲಾಸ್ಟಿಕ್ ಗುಮ್ಮಟಕ್ಕೆ ಒಳಗಿನಿಂದ ಸರಿಯಾಗಿ ಅಂಟಿ ಕೂರಬೇಕು. ಅದು ಸರಿದಿದ್ದರೆ ಎಲ್‌ಇಡಿಯ ಬೆಳಕು ಗುಮ್ಮಟದೊಳಗೇ ತಿರುಗಿ ಲೆನ್ಸಿಗೆ ಬೀಳುತ್ತದೆ, ರಾತ್ರಿ ಪೂರ್ತಿ ಚಿತ್ರ ಮಸುಕು. ಫಿಟ್ ಮಾಡುವಾಗ ಬಿದ್ದ ಬೆರಳಚ್ಚು, ಧೂಳಿನ ಪದರವೂ ಇದೇ ಕೆಲಸ ಮಾಡುತ್ತವೆ. ಗುಮ್ಮಟವನ್ನು ಬಿಚ್ಚಿ, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಥಿನ್ನರ್, ಪೆಟ್ರೋಲ್ ತಾಗಿಸಿದರೆ ಪ್ಲಾಸ್ಟಿಕ್ ಮಂಕಾಗುತ್ತದೆ, ಆಮೇಲೆ ಗುಮ್ಮಟ ಬದಲಿಸುವುದೊಂದೇ ದಾರಿ. ಒಣ ಬಟ್ಟೆಯಲ್ಲಿ ಉಜ್ಜಿದರೂ ಗೀರು ಬೀಳುತ್ತದೆ. ಹಗಲಲ್ಲಿ ಕಾಣದ ಗೀರು ರಾತ್ರಿ ಐಆರ್ ಬೆಳಕಲ್ಲಿ ಉರಿಯುವ ಗೆರೆಯಾಗುತ್ತದೆ. ಗೇಟಿನ ಹತ್ತಿರ ಡೋಮ್ ಬೇಡ, ಗುಮ್ಮಟವಿಲ್ಲದ, ಕೊಳವೆಯಂಥ ಬುಲೆಟ್ ಕ್ಯಾಮೆರಾ ಹಾಕಿಸಿ ಎಂದು ಹೇಳುವುದು ಇದೇ ಕಾರಣಕ್ಕೆ. ಜೇಡರಬಲೆ ಮಾತ್ರ ಎರಡಕ್ಕೂ ಕಾಟವೇ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ಮೆತ್ತನೆಯ ಬ್ರಷ್ ಕಟ್ಟಿ ಸುತ್ತಲೂ ತೆಗೆಯಿರಿ. ಮಳೆಗಾಲದಲ್ಲಿ ಗುಮ್ಮಟದ ಒಳಮೈಗೆ ಹನಿ ಕಟ್ಟಿದರೆ ಗ್ಯಾಸ್ಕೆಟ್ ಸರಿಮಾಡಿ, ಒಳಗೆ ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಇನ್ನು ಡಿವಿಆರ್. ಇಲ್ಲಿ ಆದದ್ದು ನಿಜಕ್ಕೂ ಕೋಪ ಬರಿಸುವಂಥದ್ದು. ಕ್ಯಾಮೆರಾ 1080ಪಿ, ಆದರೆ ಡಿವಿಆರ್ ಸೆಟ್ಟಿಂಗ್ 1080ಎನ್. ಅದು 1920 ಬದಲು 960 ಪಿಕ್ಸೆಲ್ ಅಗಲ ಮಾತ್ರ ಬರೆದುಕೊಳ್ಳುತ್ತದೆ, ಅಂದರೆ ಕೊಟ್ಟ ದುಡ್ಡಿನ ಅರ್ಧ ಪಿಕ್ಸೆಲ್ ಡಿಸ್ಕಿಗೆ ಸೇರಲೇ ಇಲ್ಲ. ಕೆಲವು ಡಿವಿಆರ್‌ಗಳಲ್ಲಿ ಇದಕ್ಕೆ 1080ಪಿ ಲೈಟ್ ಎಂದು ಹೆಸರು. ಅದನ್ನು ಆಫ್ ಮಾಡಿದರೆ ಸೆಕೆಂಡಿಗೆ ಫ್ರೇಮ್ 12ಕ್ಕೋ 15ಕ್ಕೋ ಇಳಿಯಬಹುದು. ಇಳಿಯಲಿ, ಮನೆಗೆ ಅಷ್ಟು ಧಾರಾಳ ಸಾಕು. ಜೊತೆಗೆ ‘1 ಟಿಬಿಯಲ್ಲಿ ಒಂದು ತಿಂಗಳು ರೆಕಾರ್ಡಿಂಗ್ ಇರುತ್ತೆ’ ಎಂದು ಹೇಳಿ ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಡಿಸ್ಕಿನಲ್ಲಿ ಕೊಡುವ ಜಾಗ) ಹಿಂಡಿದ್ದರು. ಲೆಕ್ಕ ಹಾಕಿ ನೋಡಿ: ನಾಲ್ಕು ಕ್ಯಾಮೆರಾ, 30 ದಿನ, 1 ಟಿಬಿ ಎಂದರೆ ಒಂದು ಕ್ಯಾಮೆರಾಕ್ಕೆ ಸುಮಾರು 770 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಮಾತ್ರ ಸಿಗುತ್ತದೆ. ರಾತ್ರಿ ಚಿತ್ರದಲ್ಲಿ ಕುದಿಯುವ ಚುಕ್ಕೆಗಳೇ ಅದನ್ನೆಲ್ಲ ತಿಂದುಹಾಕುತ್ತವೆ, ಮುಖಕ್ಕೆ ಉಳಿಯುವುದು ಚೌಕ ಚೌಕ ತುಂಡು. ವಿಡಿಯೊವನ್ನು ಕುಗ್ಗಿಸಿ ಬರೆಯುವ ಎಚ್.265 ವಿಧಾನದಲ್ಲಿ 2 ಮೆಗಾಪಿಕ್ಸೆಲ್ಲಿಗೆ 2048 ಕೆಬಿಪಿಎಸ್ ಇಡಿ. ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 88 ಜಿಬಿ, 1 ಟಿಬಿಯಲ್ಲಿ 11 ದಿನ ಬರುತ್ತದೆ. ಹೆಚ್ಚು ದಿನ ಬೇಕಾದರೆ ಡಿಸ್ಕ್ ದೊಡ್ಡದು ಹಾಕಿಸಿ, ಬಿಟ್‌ರೇಟ್ ಮುಟ್ಟಬೇಡಿ.

ಕ್ಯಾಮೆರಾ ಮೆನುವಿನಲ್ಲಿ ಸ್ಲೋ ಶಟರ್ ಆಫ್ ಮಾಡಿ. ಬೆಳಕಿದ್ದರೆ ಶಟರನ್ನು 1/50ಕ್ಕೆ ಏರಿಸಿ, 1/100 ತಡೆದುಕೊಂಡರೆ ಇನ್ನೂ ಒಳ್ಳೆಯದು. ನಡೆಯುವವರ ಹಿಂದೆ ನೆರಳಿನಂತೆ ಬಾಲ ಎಳೆಯುತ್ತಿದ್ದರೆ ಚುಕ್ಕೆ ಅಳಿಸುವ 3ಡಿ ಡಿಎನ್‌ಆರ್ ಸೆಟ್ಟಿಂಗ್ ಹೆಚ್ಚಾಗಿದೆ, ಇಳಿಸಿ. ಚುಕ್ಕೆ ಸ್ವಲ್ಪ ಕಂಡರೂ ಪರವಾಗಿಲ್ಲ. ರಾತ್ರಿ ಮಾತ್ರ ಚಿತ್ರ ಕುಣಿಯುತ್ತಿದ್ದರೆ, ಕ್ಯಾಮೆರಾ ತಾನೇ ಆಫ್ ಆಗಿ ಬರುತ್ತಿದ್ದರೆ ವೈರು ನೋಡಿ. ಐಆರ್ ಹೊತ್ತಿದಾಗ ಕ್ಯಾಮೆರಾ ಹಗಲಿಗಿಂತ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ. ವಿಡಿಯೊ, ಕರೆಂಟ್ ಎರಡನ್ನೂ ಒಯ್ಯುವ ಅಗ್ಗದ 3+1 ಕೇಬಲ್‌ಗಳ ಒಳಗಿರುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಉದ್ದ ಹೆಚ್ಚಾದಷ್ಟೂ ವೋಲ್ಟೇಜ್ ಬೀಳುತ್ತದೆ. ರಾತ್ರಿಯೇ, ಕ್ಯಾಮೆರಾ ಕಡೆಯ ಡಿಸಿ ಪಿನ್ನಿನ ಬಳಿ, ಲೋಡ್ ಇರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. 11 ವೋಲ್ಟಿಗಿಂತ ಕಡಿಮೆ ಇದ್ದರೆ ಆ ಕ್ಯಾಮೆರಾಕ್ಕೆ ಹತ್ತಿರದಲ್ಲೇ ಬೇರೆ 12 ವೋಲ್ಟ್ ಅಡಾಪ್ಟರ್ ಕೊಡಿ.

ಇದೆಲ್ಲದಕ್ಕಿಂತ ಹೆಚ್ಚು ಫಲ ಕೊಡುವುದು ಬೆಳಕು. ಗೇಟಿನ ಕಂಬದ ಮೇಲೆ, ಕತ್ತಲಾದಾಗ ತಾನೇ ಹೊತ್ತುವ ಸೆನ್ಸರ್ ಇರುವ ಒಂದು 9 ವಾಟ್ ಎಲ್‌ಇಡಿ ಬಲ್ಬ್ ಹಾಕಿ. ಅದು ಕ್ಯಾಮೆರಾದ ಕಣ್ಣಿಗೆ ನೇರ ಬೀಳಬಾರದು, ಬರುವವರ ಮುಖದ ಮೇಲೆ ಬೀಳಬೇಕು. ಬೆಳಕು ಬೇಡವೆಂದರೆ 850 ನ್ಯಾನೋಮೀಟರಿನ ಪ್ರತ್ಯೇಕ ಐಆರ್ ದೀಪವನ್ನು ಕ್ಯಾಮೆರಾದಿಂದ ದೂರ, ಗೇಟಿಗೆ ಹತ್ತಿರ ಕೂರಿಸಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ಹಾಗಾಗಿ ಕ್ಯಾಮೆರಾದೊಳಗಿನ ಎಲ್‌ಇಡಿ ‘30 ಮೀಟರ್’ ಎಂದು ಬರೆದಿದ್ದರೂ ಮುಖ ಕಾಣುವುದು ಅದರಲ್ಲಿ ಚೂರು ದೂರಕ್ಕೆ ಮಾತ್ರ.

ಎಷ್ಟು ಚೂರು ಎಂಬುದು ಲೆನ್ಸಿನ ಮೇಲೂ ನಿಂತಿದೆ. ಅಪರಿಚಿತರ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎಂಬುದು ಈ ಉದ್ಯಮದ ಮಾನದಂಡ. 2 ಮೆಗಾಪಿಕ್ಸೆಲ್, 2.8 ಎಂಎಂ ಲೆನ್ಸಿನಲ್ಲಿ ಅದು ಸಿಗುವುದು ಸುಮಾರು 3 ಮೀಟರಿನ ಒಳಗೆ. ಗೇಟು 6-7 ಮೀಟರ್ ದೂರವಿದ್ದರೆ ಆ ಒಂದು ಕ್ಯಾಮೆರಾಕ್ಕಾದರೂ ದೂರದ್ದನ್ನು ದೊಡ್ಡದಾಗಿ ತೋರಿಸುವ 6 ಎಂಎಂ ಲೆನ್ಸ್ ಹಾಕಿಸಿ, ಎಂಟೊಂಬತ್ತು ಅಡಿ ಎತ್ತರಕ್ಕೆ ಇಳಿಸಿ. ಹನ್ನೆರಡು ಅಡಿಯಿಂದ ಕಾಣುವುದು ಟೋಪಿ, ಹೆಲ್ಮೆಟ್ ಅಷ್ಟೇ. ನಂಬರ್ ಪ್ಲೇಟನ್ನು ಇದೇ ಕ್ಯಾಮೆರಾದಿಂದ ನಿರೀಕ್ಷಿಸಬೇಡಿ. ಪ್ಲೇಟಿನ ಹಾಳೆ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಎಸೆಯುತ್ತದೆ, ಅದಕ್ಕೆ 1/500ಕ್ಕಿಂತ ಚುರುಕು ಶಟರ್ ಇಟ್ಟ ಬೇರೆಯೇ ಕ್ಯಾಮೆರಾ ಬೇಕು.

ಹೊಸದಾಗಿ ಹಾಕಿಸುವವರು ಕೊನೆಯ ಕಂತು ಕೊಡುವುದಕ್ಕೆ ಮುಂಚೆ ರಾತ್ರಿ ಹನ್ನೊಂದರ ಮೇಲೆ ಮನೆಯವರೊಬ್ಬರನ್ನು ಗೇಟಿನಿಂದ ಬಾಗಿಲವರೆಗೆ ಸಹಜವಾಗಿ ನಡೆಸಿ. ಲೈವ್ ನೋಡಿ ಒಪ್ಪಬೇಡಿ. ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಇಳಿಸಿ, ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿ.

ಕಳ್ಳತನ ಆಗಿಬಿಟ್ಟಿದ್ದರೆ ಅದೇ ದಿನ, ಡಿಸ್ಕ್ ತುಂಬಿ ಹಳೆಯದು ಅಳಿಯುವ ಮುನ್ನ, ಡಿವಿಆರ್‌ನಿಂದಲೇ ಮೂಲ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ. ಮೊಬೈಲಿನಲ್ಲಿ ಪರದೆಯನ್ನು ಶೂಟ್ ಮಾಡಿದ್ದು, ವಾಟ್ಸಾಪಿನಲ್ಲಿ ಕಳಿಸಿದ್ದು ಮೂಲವಲ್ಲ. ಡಿವಿಆರ್ ಗಡಿಯಾರಕ್ಕೂ ಮೊಬೈಲಿನ ಸಮಯಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಎಂದು ಬರೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ) ನಮೂದಾಗುತ್ತದೆ. ಎಡಿಟ್ ಮಾಡಿ ಸೇವ್ ಮಾಡಿದ ಫೈಲಿನ ಹ್ಯಾಶ್ ಬದಲಾಗಿರುತ್ತದೆ. ಹಾಗಾಗಿ ಬ್ರೈಟ್‌ನೆಸ್ ಏರಿಸಿ ನೋಡುವುದಿದ್ದರೂ ಇನ್ನೊಂದು ಕಾಪಿಯ ಮೇಲೆ ಮಾಡಿ, ಪೊಲೀಸರಿಗೆ ಕೊಡುವುದು ಮುಟ್ಟದ ಫೈಲೇ ಆಗಿರಲಿ.