ಕಾರ್ಕಳ, ವೇಣೂರು, ಧರ್ಮಸ್ಥಳ, ಶ್ರವಣಬೆಳಗೊಳ: ಯಾವ ಗೊಮ್ಮಟನನ್ನು ಯಾವ ಹೊತ್ತಿನಲ್ಲಿ ನೋಡಬೇಕು

ಪರವೂರಿನ ನೆಂಟರು ಮಂಗಳೂರಿಗೋ ಉಡುಪಿಗೋ ಬಂದರೆ ಎರಡನೇ ದಿನ ಬರುವ ಮಾತು: "ಗೊಮ್ಮಟ ನೋಡಬೇಕಿತ್ತು." ಬಂದವರ ಮನಸ್ಸಿನಲ್ಲಿರುವುದು ಶ್ರವಣಬೆಳಗೊಳ. ಮನೆಯವರ ಮನಸ್ಸಿನಲ್ಲಿ ಶಿರಾಡಿ ಘಾಟಿ, ಹೋಗಿಬರುವ ಹತ್ತು ಹನ್ನೊಂದು ಗಂಟೆ, ಬಿಸಿಲಿನಲ್ಲಿ ಬರಿಗಾಲಿನಲ್ಲಿ ಹತ್ತಬೇಕಾದ ಮೆಟ್ಟಿಲು. ಮೂರು ಏಕಶಿಲಾ ಗೊಮ್ಮಟಗಳು ನಮ್ಮ ಎರಡು ಜಿಲ್ಲೆಗಳೊಳಗೇ ಇವೆ, ಒಂದೇ ದಿನದಲ್ಲಿ ಮೂರನ್ನೂ ಕಾಣಬಹುದು. ಹಾಗಂತ ಅವು ಶ್ರವಣಬೆಳಗೊಳಕ್ಕೆ ಬದಲಿಯಲ್ಲ. ನಾಲ್ಕೂ ಕಡೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಹತ್ತಿಳಿದು ನೋಡಿದ ಮೇಲೆ ಸಿಕ್ಕ ಲೆಕ್ಕ ಇದು.

ಎತ್ತರದ ಲೆಕ್ಕ ಮೊದಲು ಮುಗಿಸಿಬಿಡೋಣ. ಶ್ರವಣಬೆಳಗೊಳದ್ದು ಸುಮಾರು 57 ಅಡಿ, ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಗೆ ಮಾಡಿಸಿದ್ದು. ಕಾರ್ಕಳದ್ದು ಸುಮಾರು 42 ಅಡಿ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ವೇಣೂರಿನದು 35 ಅಡಿ, 1604ರಲ್ಲಿ ತಿಮ್ಮಣ್ಣ ಅಜಿಲನ ಕಾಲದ್ದು. ಧರ್ಮಸ್ಥಳದ್ದು 39 ಅಡಿ, ನಮ್ಮ ಕಾಲದ ಕೆಲಸ. ರತ್ನಗಿರಿಯ ಮೇಲೆ ಪ್ರತಿಷ್ಠೆಯಾದದ್ದು 1982ರಲ್ಲಿ. ಆದರೆ ಎದುರು ನಿಂತಾಗ ಈ ಅಡಿಗಳ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎಷ್ಟು ಹಿಂದೆ ಸರಿದು ನಿಲ್ಲಲು ಜಾಗವಿದೆ, ಅಂಗಾಲಿನ ಕೆಳಗೆ ಕಲ್ಲು ಎಷ್ಟು ಕಾದಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎನ್ನುವುದು.

ಜಾಗದ ಮಾತು ಯಾಕೆಂದರೆ, 42 ಅಡಿಯ ಮೂರ್ತಿಯಲ್ಲಿ ಮುಖ ಇರುವುದು ಹೆಚ್ಚುಕಡಿಮೆ 38 ಅಡಿ ಮೇಲೆ, ನಮ್ಮ ಕಣ್ಣು 5 ಅಡಿಯಲ್ಲಿ. 15 ಅಡಿ ದೂರದಲ್ಲಿ ನಿಂತರೆ ನೋಟವನ್ನು 65 ಡಿಗ್ರಿಯಷ್ಟು ಮೇಲಕ್ಕೆತ್ತಬೇಕು. ಗಲ್ಲದ ಅಡಿಭಾಗ, ಮೂಗಿನ ಹೊಳ್ಳೆ ಕಾಣುತ್ತದೆ, ಮುಖಭಾವ ಕಾಣುವುದಿಲ್ಲ. 40 ಅಡಿ ಹಿಂದೆ ಸರಿದರೆ 40 ಡಿಗ್ರಿ ಸಾಕು, ಕಣ್ಣು, ತುಟಿ ಸರಿಯಾದ ಅಳತೆಗೆ ಬರುತ್ತವೆ. ಮೊಬೈಲ್ ಫೋಟೋಕ್ಕೂ ಇದೇ ನಿಯಮ. ಹತ್ತಿರ ನಿಂತು ಅಗಲದ ಲೆನ್ಸಿನಲ್ಲಿ ತೆಗೆದರೆ ಪಾದ ದೊಡ್ಡದು, ತಲೆ ಲಿಂಬೆಹಣ್ಣಿನಷ್ಟು. ಹಿಂದೆ ಹೋಗಿ ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ.

ಈ ದೃಷ್ಟಿಯಿಂದ ನಮ್ಮ ಮೊದಲ ಮಣೆ ವೇಣೂರಿಗೆ. ನಾಲ್ವರಲ್ಲಿ ಎಲ್ಲರಿಗಿಂತ ಗಿಡ್ಡ, ಜನರೂ ಕಡಿಮೆ. ಬೆಟ್ಟವಿಲ್ಲ. ಫಲ್ಗುಣಿ ನದಿಯ ದಂಡೆಯ ಊರು, ಸಮತಟ್ಟು ನೆಲ, ಗಾಡಿಯಿಂದಿಳಿದು ನಾಲ್ಕು ಹೆಜ್ಜೆ. ಮಂಡಿನೋವಿನ ಅಜ್ಜಿಯನ್ನು, ಎತ್ತಿಕೊಳ್ಳಬೇಕಾದ ಮಗುವನ್ನು ಧೈರ್ಯವಾಗಿ ಕರೆದೊಯ್ಯಬಹುದಾದ ಗೊಮ್ಮಟ ಇದೊಂದೇ ಎನ್ನಬೇಕು. ಅದಕ್ಕಿಂತ ಮುಖ್ಯ ಮುಖ. ಕೆನ್ನೆಯಲ್ಲಿ ಗುಳಿ ಬಿದ್ದ ಒಂದು ಗಂಭೀರ ನಗು ಇದೆ, ಉಳಿದ ಮೂವರಲ್ಲಿ ಇಷ್ಟು ಸ್ಪಷ್ಟವಾಗಿಲ್ಲ. ಮೊದಲು ಹಿಂದೆ ನಿಂತು ಆ ಗುಳಿ ನೋಡಿ, ಆಮೇಲೆ ಹತ್ತಿರ ಹೋಗಿ. ಬುಡಕ್ಕೆ ಹೋದ ಮೇಲೆ ಅದು ಕಾಣುವುದಿಲ್ಲ.

ಬುಡದಲ್ಲಿ ನೋಡಬೇಕಾದದ್ದು ಬೇರೆ: ಕಾಲಿನ ಪಕ್ಕದ ಹುತ್ತ, ಅದರಿಂದ ಇಣುಕುವ ಹಾವು, ತೊಡೆಗೆ ಸುತ್ತಿ ತೋಳಿಗೇರುವ ಮಾಧವಿ ಬಳ್ಳಿ. ವೇಣೂರಿನ ಶಾಸನ ಈ ಮೂರ್ತಿಯನ್ನು ಬೆಳಗೊಳದ ಜೈನ ಗುರು ಚಾರುಕೀರ್ತಿಗಳ ಮಾತಿನಂತೆ ಮಾಡಿಸಿದ್ದೆಂದು ಹೇಳುತ್ತದೆ, ಮಾಡಿಸಿದವನನ್ನು ಚಾವುಂಡರಾಯನ ವಂಶದವನೆಂದು ಕರೆಯುತ್ತದೆ. ಘಟ್ಟದ ಮೇಲಿನ ಮೂರ್ತಿಗೂ ಕೆಳಗಿನದಕ್ಕೂ ಇರುವ ನಂಟು ಇದು. ಊರಿನ ಐತಿಹ್ಯದ ಪ್ರಕಾರ ಕಾರ್ಕಳದ ಅರಸನಿಗೆ ವೇಣೂರಿನಲ್ಲಿ ಇನ್ನೊಂದು ಗೊಮ್ಮಟ ನಿಲ್ಲುವುದು ಸಹಿಸಲಿಲ್ಲ, ಮೂರ್ತಿಯನ್ನು ತನಗೇ ಕೊಡು ಎಂದ. ಅಜಿಲ ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು, ಯುದ್ಧ ಗೆದ್ದು, ಆಮೇಲೆ ಎತ್ತಿ ನಿಲ್ಲಿಸಿದ. ಮಕ್ಕಳಿಗೆ ಈ ಕಥೆ ಹೇಳಿಯೇ ಒಳಗೆ ಕರೆದುಕೊಂಡು ಹೋಗಿ, ನೋಡುವ ರೀತಿ ಬದಲಾಗುತ್ತದೆ.

ವೇಣೂರಿನ ಕೊರತೆ ಊಟ, ತಿಂಡಿ. ಚಿಕ್ಕ ಪೇಟೆ. ಮೂಡುಬಿದಿರೆಯಲ್ಲೋ ಬೆಳ್ತಂಗಡಿಯಲ್ಲೋ ಊಟ ಮುಗಿಸಿಕೊಳ್ಳುವುದು ಕ್ಷೇಮ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಂಗಳದ ಕಲ್ಲು ಕಾದ ಕಾವಲಿ. ಮೂರೂವರೆಯ ನಂತರ ಹೋಗಿ.

ಕಾರ್ಕಳದಲ್ಲಿ ಗೊಮ್ಮಟ ಒಬ್ಬನೇ ಅಲ್ಲ, ಇಡೀ ಊರೇ ನೋಡುವಂಥದ್ದು. ಬರಿಯ ಬಂಡೆಯ ಗುಡ್ಡದ ನೆತ್ತಿಯಲ್ಲಿ ಮೂರ್ತಿ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಇನ್ನೂರರ ಆಸುಪಾಸು, ನಿಧಾನವಾಗಿ ಹತ್ತಿದರೆ ಹದಿನೈದು ನಿಮಿಷ. ಹತ್ತಲಾಗದವರಿಗೆ ಗುಡ್ಡದ ಮೇಲಿನ ತನಕ ವಾಹನದ ದಾರಿಯೂ ಇದೆ. ಎರಡರಲ್ಲಿ ಮೆಟ್ಟಿಲಿನದ್ದೇ ಒಳ್ಳೆಯ ದಾರಿ. ಏರುತ್ತಿದ್ದಂತೆ ಪೂರ್ವಕ್ಕೆ ಪಶ್ಚಿಮ ಘಟ್ಟದ ಸಾಲು ತೆರೆದುಕೊಳ್ಳುತ್ತದೆ, ಕಾರಿನಲ್ಲಿ ಹೋದವರಿಗೆ ಇದು ತಪ್ಪುತ್ತದೆ. ಮೇಲೆ ಬಾಗಿಲಿನ ಹೊರಗೆ 1436ರ ಬ್ರಹ್ಮದೇವರ ಕಂಬ. ಹೆಚ್ಚಿನವರು ಅದನ್ನು ದಾಟಿ ನೇರ ಒಳಗೆ ನುಗ್ಗುತ್ತಾರೆ. ಹಾಗೆ ಮಾಡಬೇಡಿ. ಕಂಬದ ಬಳಿ ನಿಂತು ಒಮ್ಮೆ ನೋಡಿ, ಪಾಗಾರದ ಮೇಲಿಂದ ಎದೆ, ಭುಜ, ಮುಖ ಒಟ್ಟಿಗೆ ಕಾಣುವುದು ಅಲ್ಲಿಂದ. ಒಳಗಿನ ಅಂಗಳದಲ್ಲಿ ಅಷ್ಟು ದೂರ ಸಿಗುವುದಿಲ್ಲ.

ಕಾರ್ಕಳದಲ್ಲಿ ತಪ್ಪುವುದು ಎರಡೇ ವಿಷಯ, ಎರಡೂ ಕಾಲಿಗೆ ಸಂಬಂಧಿಸಿದ್ದು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತೂವರೆ ದಾಟಿತೆಂದರೆ ಕರಿಬಂಡೆ ಕಾಯತೊಡಗುತ್ತದೆ, ಸಂಜೆ ನಾಲ್ಕಾದರೂ ಆರುವುದಿಲ್ಲ. ಗಾಳಿ ತಣ್ಣಗಾಗಿದೆ ಎಂದು ನಂಬಿ ಚಪ್ಪಲಿ ಬಿಟ್ಟವರು ಅರ್ಧದಲ್ಲಿ ಕುಣಿಯುವುದನ್ನು ಯಾವ ಏಪ್ರಿಲ್‌ನಲ್ಲಾದರೂ ನೋಡಬಹುದು. ಮಳೆಗಾಲದಲ್ಲಿ ಅದೇ ಬಂಡೆಗೆ ಪಾಚಿ ಹಿಡಿಯುತ್ತದೆ. ಹತ್ತುವಾಗ ಅಲ್ಲ, ಇಳಿಯುವಾಗ ಜಾರುವುದು, ಏಕೆಂದರೆ ಭಾರ ಹಿಮ್ಮಡಿಯ ಮೇಲೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಟ್ಟಿಲಿನ ನಡುಭಾಗ ಬಿಟ್ಟು ಅಂಚಿಗೆ ಹೋಗಬೇಡಿ, ಪಾದವನ್ನು ಸ್ವಲ್ಪ ಅಡ್ಡ ಇಟ್ಟು ಇಳಿಯಿರಿ. ಒಂದು ಕೈ ಖಾಲಿ ಇರಲಿ, ಕೊಡೆಗಿಂತ ರೈನ್‌ಕೋಟ್ ವಾಸಿ.

ಗುಡ್ಡ ಇಳಿದವರು ಎದುರಿನ ಸಣ್ಣ ದಿಣ್ಣೆಯ ಮೇಲಿನ ಚತುರ್ಮುಖ ಬಸದಿಯನ್ನು "ಇನ್ನೊಂದು ಬಸದಿ ತಾನೇ" ಎಂದು ಬಿಡುವುದು ದೊಡ್ಡ ನಷ್ಟ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಆಳೆತ್ತರದ ಕರಿಯ ಮೂರ್ತಿಗಳು. ಒಂದು ಸುತ್ತು ಬರುವಷ್ಟರಲ್ಲಿ ಯಾವ ಕಡೆಯಿಂದ ಹೊರಟೆವು ಎಂಬುದೇ ಮರೆತುಹೋಗುತ್ತದೆ. ಕಲ್ಲು ಚಪ್ಪಡಿಯ ಮಾಡು, ದಪ್ಪ ಕಂಬ, ಹೊರಗೆ ಎಷ್ಟೇ ಸೆಕೆಯಿದ್ದರೂ ಒಳಗೆ ತಂಪು. ಅರ್ಧ ಗಂಟೆ ಇದಕ್ಕೆ ಇಟ್ಟುಕೊಳ್ಳಿ. ಅಲ್ಲಿಂದಲೇ ಎದುರು ಗುಡ್ಡದ ಗೊಮ್ಮಟ ಮರಗಳ ಮೇಲೆ ಕಾಣುತ್ತಾನೆ.

ಧರ್ಮಸ್ಥಳದ್ದನ್ನು ಹೊಸತೆಂದು ಕಡೆಗಣಿಸುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಮೂರ್ತಿ ಕೆತ್ತಿದ್ದು ಕಾರ್ಕಳದಲ್ಲಿ, ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. 1973ರಲ್ಲಿ ಮಲಗಿಸಿದ ಮೂರ್ತಿಯನ್ನು ಅನೇಕ ಚಕ್ರಗಳ ಗಾಡಿಯ ಮೇಲೆ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ದಾರಿಯುದ್ದಕ್ಕೂ ನೋಡಿದವರು ಬೆಳ್ತಂಗಡಿ ಕಡೆ ಇನ್ನೂ ಇದ್ದಾರೆ, ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಕಾರ್ಕಳ ನೋಡಿದ ದಿನವೇ ಇದನ್ನೂ ನೋಡಿದರೆ ಐನೂರು ವರ್ಷಗಳ ಅಂತರದ ಎರಡು ಕೆಲಸಗಳನ್ನು ಹೋಲಿಸಬಹುದು. ಹೊಸದರಲ್ಲಿ ಅಂಚುಗಳು ಹರಿತ, ಬಳ್ಳಿಯ ಎಲೆ ಎಣಿಸುವಷ್ಟು ಸ್ಪಷ್ಟ. ಹಳೆಯದರಲ್ಲಿ ಮಳೆ, ಅಭಿಷೇಕ ಎರಡೂ ಸೇರಿ ಅಂಚನ್ನು ಮೃದು ಮಾಡಿವೆ. ರತ್ನಗಿರಿಗೆ ವಾಹನ ಹೋಗುತ್ತದೆ. ತೊಂದರೆ ಜನಸಂದಣಿ. ಸೋಮವಾರ, ಸಾಲು ರಜೆ, ಕಾರ್ತಿಕದ ಲಕ್ಷದೀಪೋತ್ಸವದ ದಿನಗಳಲ್ಲಿ ಮಂಜುನಾಥನ ದರ್ಶನದ ಸಾಲಿಗೇ ಗಂಟೆಗಳು ಬೇಕು. ಅಂಥ ದಿನ ಮೊದಲು ಬೆಟ್ಟ, ಆಮೇಲೆ ದೇವಸ್ಥಾನ.

ಈ ಮೂರನ್ನೂ ಒಂದೇ ದಿನ ಕಾಣುವ ಸುತ್ತು ಮಂಗಳೂರಿನಿಂದ ಹೊರಟರೆ ಸುಮಾರು 200 ಕಿಲೋಮೀಟರ್, ಉಡುಪಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಆರಕ್ಕೆ ಬಿಡಿ. ಮಂಗಳೂರಿನವರಿಗೆ ಮೂಡುಬಿದಿರೆ ಮೊದಲು ಸಿಗುತ್ತದೆ, ಆದರೂ ನಿಲ್ಲಿಸದೆ ಕಾರ್ಕಳಕ್ಕೆ ಹೋಗಿ. ಗುಡ್ಡ ತಂಪಿರುವಾಗಲೇ ಹತ್ತಬೇಕು, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಮಾಡು ಇದೆ, ಅದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಉಡುಪಿಯವರು ಹಿರಿಯಡ್ಕ, ಬೈಲೂರು ದಾರಿಯಲ್ಲಿ ನೇರ ಕಾರ್ಕಳ, 38 ಕಿಲೋಮೀಟರ್. ಹತ್ತೂವರೆಗೆ ಕಾರ್ಕಳ ಬಿಟ್ಟರೆ 18 ಕಿಲೋಮೀಟರ್ ಹಿಂದೆ ಮೂಡುಬಿದಿರೆ. ಒಂದಕ್ಕೊಂದು ಹೋಲದ ಕಂಬಗಳನ್ನು ನೋಡಿ, ಊಟ ಮಾಡಿ, ನೆರಳಿನಲ್ಲೇ ಎರಡೂವರೆ ಮಾಡಿಕೊಳ್ಳಿ. ಮೂರೂವರೆಗೆ ವೇಣೂರು. ಅಲ್ಲಿಂದ ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಸಂಜೆಗೆ ಧರ್ಮಸ್ಥಳ. ರಾತ್ರಿ ಊಟ ದೇವಸ್ಥಾನದ ಅನ್ನಪೂರ್ಣ ಛತ್ರದಲ್ಲಿ ಮುಗಿಸಿದರೆ ಮಂಗಳೂರಿಗೆ 75 ಕಿಲೋಮೀಟರ್. ಈ ಕ್ರಮವನ್ನು ತಿರುಗಿಸಿ ಧರ್ಮಸ್ಥಳದಿಂದ ಶುರುಮಾಡಿದರೆ ಕಾರ್ಕಳದ ಬಂಡೆ ನಡುಮಧ್ಯಾಹ್ನಕ್ಕೆ ಬೀಳುತ್ತದೆ.

ಬಸ್ಸಿನಲ್ಲಾದರೆ ಮೂರನ್ನೂ ಹಿಡಿಯಲು ಹೋಗಬೇಡಿ. ಕಾರ್ಕಳ, ಮೂಡುಬಿದಿರೆಗೆ ಖಾಸಗಿ ಬಸ್ಸುಗಳು ಧಾರಾಳ, ವೇಣೂರಿಗೆ ಅಷ್ಟಿಲ್ಲ. ಕಾರ್ಕಳ, ಮೂಡುಬಿದಿರೆ ಒಂದು ದಿನ. ವೇಣೂರು, ಧರ್ಮಸ್ಥಳ ಇನ್ನೊಂದು ದಿನ.

ಇನ್ನು ಶ್ರವಣಬೆಳಗೊಳ. ಮಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರುವುದು ಬೇಡ ಎನ್ನುವುದು ನಮ್ಮ ಖಚಿತ ಮಾತು. ಬೆಳಿಗ್ಗೆ ಐದಕ್ಕೆ ಹೊರಟರೂ ಶಿರಾಡಿ, ಹಾಸನ, ಚನ್ನರಾಯಪಟ್ಟಣ ದಾಟಿ ಮುಟ್ಟುವಾಗ ಹತ್ತೂವರೆ, ಹನ್ನೊಂದು. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲು ಅದು ಅತ್ಯಂತ ಕೆಟ್ಟ ಹೊತ್ತು. ಕಲ್ಲಿನ ಕಾವಿಗೆ ಜನ ಮೇಲೆ ಹತ್ತು ನಿಮಿಷವೂ ನಿಲ್ಲದೆ ಇಳಿಯುತ್ತಾರೆ, ಎದುರಿನ ಚಂದ್ರಗಿರಿ ಬೆಟ್ಟದ ಕಡೆ ತಿರುಗಿಯೂ ನೋಡುವುದಿಲ್ಲ. ಹಿಂದಿನ ದಿನ ಸಂಜೆಗೆ ತಲುಪಿ, ಅಲ್ಲೇ ಉಳಿದು, ಬೆಳಿಗ್ಗೆ ಬಾಗಿಲು ತೆರೆಯುವಾಗ ಮೆಟ್ಟಿಲ ಬುಡದಲ್ಲಿರಬೇಕು. ಹತ್ತಿ ಬಟ್ಟೆಯ ಕಾಲುಚೀಲ ಇಟ್ಟುಕೊಳ್ಳಿ. ನೈಲಾನಿನದ್ದು ನಯಗೊಂಡ ಮೆಟ್ಟಿಲಿನಲ್ಲಿ ಜಾರುತ್ತದೆ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಮಾತಾಡಿಕೊಳ್ಳಿ.

ಹೋಗಲು ರೈಲು ಒಳ್ಳೆಯದು. ಮಂಗಳೂರು ಜಂಕ್ಷನ್‌ನಿಂದ ಗೋಮಟೇಶ್ವರ ಎಕ್ಸ್‌ಪ್ರೆಸ್ ಹಗಲಿನಲ್ಲಿ ಘಾಟಿ ಹತ್ತುತ್ತದೆ. ದಿನವೂ ಇಲ್ಲ, ವಾರದ ಯಾವ ದಿನ ಎಂದು ನೋಡಿಕೊಂಡೇ ರೂಮು ಕಾದಿರಿಸಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗಗಳು. ಜುಲೈ, ಆಗಸ್ಟ್‌ನಲ್ಲಿ ಮಾತ್ರ ರೈಲನ್ನೂ ರಸ್ತೆಯನ್ನೂ ಪೂರ್ತಿ ನೆಚ್ಚಿಕೊಳ್ಳಬೇಡಿ. 2024ರ ಜುಲೈಯಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿಯ ಅಡಿಯ ಮಣ್ಣು ಕುಸಿದು ರೈಲು ನಿಂತಿತ್ತು. ಸಕಲೇಶಪುರದ ಬಳಿಯ ದೋಣಿಗಲ್‌ನಲ್ಲಿ ಹೆದ್ದಾರಿ ಕುಸಿದು ಶಿರಾಡಿ ಬಂದ್ ಆದದ್ದು ಒಂದೆರಡು ಸಲವಲ್ಲ.

ಅಷ್ಟು ಕಷ್ಟಪಟ್ಟು ಹೋದರೆ ಸಿಗುವುದೇನು? ಇದನ್ನು ಎಲ್ಲಿಂದಲೂ ತಂದು ನಿಲ್ಲಿಸಿದ್ದಲ್ಲ, ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡಿದು ಒಳಗಿದ್ದವನನ್ನು ಬಿಡಿಸಿದ್ದು. ನಾಲ್ಕರಲ್ಲಿ ಈ ಮಾತು ಹೇಳಬಹುದಾದದ್ದು ಇದೊಂದಕ್ಕೇ. ತೊಡೆಯಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲ. ಕಾಲಬುಡದ ಬರಹವನ್ನು ತಪ್ಪದೆ ಓದಿ: "ಶ್ರೀ ಚಾವುಣ್ಡರಾಜಂ ಮಾಡಿಸಿದಂ". ಸಾವಿರ ವರ್ಷದ ಹಿಂದಿನ ಕನ್ನಡ, ಓದಿದ ಕೂಡಲೇ ಅರ್ಥವಾಗುತ್ತದೆ. ಸುತ್ತಲಿನ ಸುತ್ತಾಲಯ ಹೊಯ್ಸಳರ ದಂಡನಾಯಕ ಗಂಗರಾಜ ಆಮೇಲೆ ಕಟ್ಟಿಸಿದ್ದು. ಅದರಿಂದಾಗಿಯೇ ಹಿಂದೆ ಸರಿಯಲು ಜಾಗ ಕಡಿಮೆ. ಮೂರ್ತಿ ಉತ್ತರಕ್ಕೆ ಮುಖ ಮಾಡಿದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಧ್ಯಾಹ್ನ ಬೆಳಕು ಬೆನ್ನಿಗೆ ಬೀಳುತ್ತದೆ, ಮುಖ ನೆರಳಿನಲ್ಲಿ. ಪಕ್ಕದಿಂದ ಬೀಳುವ ಬೆಳಗಿನ ಬೆಳಕಿನಲ್ಲೇ ಗುಂಗುರು ಕೂದಲು, ಬಳ್ಳಿ ಎದ್ದು ಕಾಣುವುದು. ಬೆಳಿಗ್ಗೆಯೇ ಇಳಿದುಬಂದರೆ ಚಂದ್ರಗಿರಿಗೂ ಸಮಯ ಉಳಿಯುತ್ತದೆ. ಅಲ್ಲಿಯ ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿಯಲ್ಲಿ, ಜೈನ ಮುನಿ ಭದ್ರಬಾಹು, ಮೌರ್ಯ ಅರಸ ಚಂದ್ರಗುಪ್ತರ ಕಥೆಯನ್ನು ಅಂಗೈಯಗಲದ ಚೌಕಗಳಲ್ಲಿ ಕೊರೆದಿದ್ದಾರೆ.

ದಿನ ಗೊತ್ತುಮಾಡುವ ಮೊದಲು ಮಹಾಮಸ್ತಕಾಭಿಷೇಕದ ವರ್ಷ ನೋಡಿಕೊಳ್ಳಿ. ಹನ್ನೆರಡು ವರ್ಷಕ್ಕೊಮ್ಮೆ ಎಂಬುದು ರೂಢಿ, ಒಂದೆರಡು ವರ್ಷ ಆಚೀಚೆಯೂ ಆಗುತ್ತದೆ. ಕಾರ್ಕಳದಲ್ಲಿ 2015, ಶ್ರವಣಬೆಳಗೊಳದಲ್ಲಿ 2018, ಧರ್ಮಸ್ಥಳದಲ್ಲಿ 2019, ವೇಣೂರಿನಲ್ಲಿ 2024ರಲ್ಲಿ ನಡೆದಿದೆ. ಅಭಿಷೇಕ ನೋಡಲೆಂದೇ ಹೋಗುವವರ ಮಾತು ಬೇರೆ. ಮೂರ್ತಿಯನ್ನಷ್ಟೇ ಸಮಾಧಾನದಿಂದ ನೋಡಬೇಕೆಂದಿದ್ದರೆ ಆ ವರ್ಷದ ಮೊದಲ ತಿಂಗಳುಗಳನ್ನು ಬಿಟ್ಟುಬಿಡಿ, ಕೊಡ ಎತ್ತಲು ಕಟ್ಟುವ ಅಟ್ಟಳಿಗೆ ಮೂರ್ತಿಯ ತಲೆಯನ್ನೂ ಮೀರಿ ನಿಂತಿರುತ್ತದೆ. ಅಭಿಷೇಕ ಮುಗಿದು ಅಟ್ಟಳಿಗೆ ಬಿಚ್ಚಿದ ಮೇಲೆ, ಮುಂದಿನ ಮಳೆಗಾಲದೊಳಗೆ ಹೋದವರಿಗೆ ಪಾಚಿಯ ಕಪ್ಪು ಕಳೆದ, ತೊಳೆದ ಕಲ್ಲು ಕಾಣಸಿಗುತ್ತದೆ.